ಹಿಮವದ್ ಗೋಪಾಲಸ್ವಾಮಿ ಬೆಟ್ಟಸಾಲು

ಚಾಮರಾಜನಗರ ಜಿಲ್ಲೆ ಗುಂಡ್ಲುಪೇಟೆ ತಾಲ್ಲೂಕಿನ ದಕ್ಷಿಣದಲ್ಲಿ, ಬಂಡೀಪುರ ಅರಣ್ಯದೊಳಗಿರುವ ಬೆಟ್ಟಸಾಲು. ಸುಮಾರು 1450 ಮೀಟರ್ ಎತ್ತರದ ಗೋಪಾಲಸ್ವಾಮಿ ಬೆಟ್ಟ ಬಂಡೀಪುರದಲ್ಲೇ ಅತಿ ಎತ್ತರದ್ದು. ಇದರ ಈಶಾನ್ಯಕ್ಕೆ ತೆರಕಣಾಂಬಿ, ಹರವೆ ಕಡೆಯ ಬಯಲು. ದಕ್ಷಿಣಕ್ಕೆ ನೀಲಗಿರಿ, ಪಶ್ಚಿಮಕ್ಕೆ ವಯನಾಡು.

ನೈಋತ್ಯ ಮುಂಗಾರು ತನ್ನ ಮಳೆಯ ಬಹುಪಾಲನ್ನು ವಯನಾಡು, ನೀಲಗಿರಿಗಳಲ್ಲೇ ಸುರಿಸಿ ಬರುತ್ತದೆ. ಬೆಟ್ಟದ ನೆತ್ತಿಯಲ್ಲಿ ಮಂಜು ಕವಿದು ಹುಲ್ಲು ತೊಯ್ದಿರುವಾಗಲೂ ಕೆಳಗಿನ ಹಂಗಳ, ಬೇರಂಬಾಡಿಯ ಹೊಲಗಳು ಮೋಡ ನೋಡುತ್ತ ಕಾಯುವುದುಂಟು. ನೆತ್ತಿಯಲ್ಲಿ ಹುಲ್ಲುಗಾವಲು, ಕಣಿವೆಗಳ ಮಡಿಲಲ್ಲಿ ಶೋಲಾ ಕಾಡು, ಇಳಿದಂತೆ ದಿಂಡಿಲು, ಮತ್ತಿ, ತೇಗದ ಎಲೆಯುದುರುವ ಕಾಡು. ಮೇಲಿರುವ ಗುಡಿ ಹೊಯ್ಸಳರ ಕಾಲದ್ದೆಂಬ ಪ್ರತೀತಿಯಿದೆ. ಕೊಳಲೂದುವ ವೇಣುಗೋಪಾಲ ಅಲ್ಲಿನ ದೇವರು. 1941ರಲ್ಲಿ ಮೈಸೂರು ಸಂಸ್ಥಾನ ಇಲ್ಲಿ ಸ್ಥಾಪಿಸಿದ ವನ್ಯಜೀವಿ ಉದ್ಯಾನಕ್ಕೂ ವೇಣುಗೋಪಾಲನ ಹೆಸರೇ. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು.

ಈ ಸೀಮೆಯನ್ನು ಅರಿಯಬೇಕಾದರೆ ನೀರಿನ ಜಾಡು ಹಿಡಿಯಬೇಕು. ಗುಂಡ್ಲುಹೊಳೆ ಈ ಬೆಟ್ಟಗಳ ಕಡೆಯಿಂದ ಉತ್ತರಕ್ಕೆ ಹರಿದು ನಂಜನಗೂಡಿನಲ್ಲಿ ಕೌಂಡಿನ್ಯ ಎಂಬ ಹೆಸರಿನಿಂದ ಕಪಿಲೆಯನ್ನು, ಅಂದರೆ ಕಬಿನಿಯನ್ನು, ಸೇರುತ್ತದೆ. ವರ್ಷದ ಹೆಚ್ಚು ಕಾಲ ಅದರ ಪಾತ್ರ ಒಣಗಿರುತ್ತದೆ. ಬೇರಂಬಾಡಿ ಜಲಾನಯನದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿ.ಮೀ. ಹಿಂದೆ ಜೋಳ, ರಾಗಿ, ಹುರಳಿಗೆ ಅದು ಸಾಕಾಗುತ್ತಿತ್ತು. ಬೋರ್‌ವೆಲ್ ಬಂದ ಮೇಲೆ ಅರಿಸಿನ, ಬಾಳೆ, ಸಣ್ಣ ಈರುಳ್ಳಿ ಹಬ್ಬಿದವು. ಬೋರ್‌ಗಳು ವರ್ಷದಿಂದ ವರ್ಷಕ್ಕೆ ಆಳಕ್ಕಿಳಿದವು. ಈಗ ಆಲಂಬೂರು ಏತ ನೀರಾವರಿಯಿಂದ ಕಬಿನಿಯ ನೀರನ್ನೇ ಪಂಪ್ ಮಾಡಿ ಗುಂಡ್ಲುಪೇಟೆ, ಚಾಮರಾಜನಗರ ತಾಲ್ಲೂಕುಗಳ ಕೆರೆಗಳಿಗೆ ತುಂಬಿಸಲಾಗುತ್ತಿದೆ. ಬೆಟ್ಟದಿಂದ ಇಳಿದುಹೋದ ನೀರನ್ನು ವಿದ್ಯುತ್ ಸುಟ್ಟು ಮೇಲೆ ತರಬೇಕಾಗಿದೆ. ಇಲ್ಲಿನ ಕೆರೆಗಳ ಹೂಳು, ಅವುಗಳಿಗೆ ನೀರು ತರುತ್ತಿದ್ದ ಹಳ್ಳಗಳ ಸ್ಥಿತಿ ಇದಕ್ಕಿಂತ ಮೊದಲು ಗಮನಕ್ಕೆ ಬರಬೇಕಿತ್ತು.

ಮುಂಗಾರಿನಲ್ಲಿ ಹಂಗಳದ ಸುತ್ತ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳು ಅರಳಿದಾಗ ಕೇರಳದ ಪ್ರವಾಸಿಗರು ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಚೆಂಡುಹೂ ಹಾರಕ್ಕೆ ಹೋಗುವುದಕ್ಕಿಂತ ಬಣ್ಣ ತೆಗೆಯುವ ಕಾರ್ಖಾನೆಗೆ ಹೋಗುವುದೇ ಹೆಚ್ಚು. ರೈತರು ಅದನ್ನು ಚೀಲಗಳಲ್ಲಿ ತುಂಬಿ ತೂಕಕ್ಕೆ ಮಾರುತ್ತಾರೆ.

ಕಾಡಂಚಿನ ಊರುಗಳಲ್ಲಿ ರಾತ್ರಿ ಅಟ್ಟಣೆಯ ಮೇಲೆ ಟಾರ್ಚು, ಪಟಾಕಿ ಹಿಡಿದು ಕಾವಲು ಕೂರುವುದು ವಾಡಿಕೆ. ಆನೆ ಕಂದಕ, ಸೋಲಾರ್ ಬೇಲಿ ಇದ್ದರೂ ಬಾಳೆಯ ವಾಸನೆಗೆ ಆನೆಗಳು ದಾಟಿ ಬರುತ್ತವೆ. 2019ರ ಫೆಬ್ರವರಿಯ ಕಾಳ್ಗಿಚ್ಚು ಈ ಬೆಟ್ಟಗಳ ಇಳಿಜಾರನ್ನೂ ಸುಟ್ಟಿತು. ಬೆಟ್ಟದ ಮೇಲಕ್ಕೆ ಖಾಸಗಿ ವಾಹನಗಳಿಗೆ ಪ್ರವೇಶವಿಲ್ಲ. ತಪ್ಪಲಿನಿಂದ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಹೋಗಿ ಸಂಜೆಯೊಳಗೆ ಇಳಿಯಬೇಕು.