ಬಳ್ಳಿಚಪ್ಪರದ ನೆರಳಲ್ಲಿ: ಸಿಲ್ವೆಸ್ಟ್ರೊ ಲೆಗಾನ ‘ಇಲ್ ಪೆರ್ಗೊಲಾತೊ’

‘ಇಲ್ ಪೆರ್ಗೊಲಾತೊ’ ಇಟಲಿಯ ಚಿತ್ರಕಾರ ಸಿಲ್ವೆಸ್ಟ್ರೊ ಲೆಗಾ (1826–1895) 1868ರಲ್ಲಿ ರಚಿಸಿದ ತೈಲಚಿತ್ರ. ಹೆಸರಿನ ಅರ್ಥ ಬಳ್ಳಿಚಪ್ಪರ. ‘ಊಟದ ನಂತರ’ ಎಂಬ ಇನ್ನೊಂದು ಹೆಸರೂ ಇದಕ್ಕುಂಟು. ಈಗ ಇದು ಮಿಲಾನ್ ನಗರದ ಬ್ರೆರಾ ಚಿತ್ರಸಂಗ್ರಹಾಲಯದಲ್ಲಿದೆ.

ಚಿತ್ರದಲ್ಲಿರುವುದು

ಬೇಸಿಗೆಯ ಮಧ್ಯಾಹ್ನ. ಚಪ್ಪರದಡಿ ಕೆಲವು ಹೆಂಗಸರು, ಜೊತೆಗೊಬ್ಬ ಪುಟ್ಟ ಹುಡುಗಿ. ಮನೆಗೆಲಸದಾಕೆ ತಟ್ಟೆಯಲ್ಲಿ ಕಾಫಿ ತರುತ್ತಿದ್ದಾಳೆ. ಹಿಂದೆ ಬಿಸಿಲು ಕಾಯುತ್ತಿರುವ ಬಯಲು, ಸೈಪ್ರೆಸ್ ಮರಗಳು. ಇಷ್ಟೇ ಕಥೆ. ಮುಕ್ಕಾಲು ಮೀಟರಿನಷ್ಟು ಎತ್ತರದ ಈ ಪುಟ್ಟ ಕ್ಯಾನ್ವಾಸಿನಲ್ಲಿ ನಿಜವಾಗಿ ನಡೆಯುವ ಘಟನೆ ಬೆಳಕಿನದು: ಎಲೆಗಳ ನಡುವೆ ಸೋಸಿ ಬಂದ ಬಿಸಿಲು ನೆಲದ ಮೇಲೆ ಪಟ್ಟೆಪಟ್ಟೆಯಾಗಿ ಬಿದ್ದಿದೆ. ನೆರಳಿನ ತಂಪೂ ಬಯಲಿನ ಕಾವೂ ಒಟ್ಟಿಗೇ ನೋಡುಗನಿಗೆ ತಟ್ಟುತ್ತವೆ.

ಬಣ್ಣದ ಮಚ್ಚೆಗಳ ಪಂಥ

ಲೆಗಾ ಸೇರಿದ ಬಳಗಕ್ಕೆ ‘ಮಕ್ಕಿಯಾಯೊಲಿ’ ಎಂದು ಹೆಸರು. ‘ಮಕ್ಕಿಯಾ’ ಎಂದರೆ ಕಲೆ, ಮಚ್ಚೆ. 1862ರಲ್ಲಿ ಪತ್ರಿಕೆಯೊಂದು ಗೇಲಿಗೆಂದು ಬಳಸಿದ ಪದವನ್ನೇ ಈ ಚಿತ್ರಕಾರರು ತಮ್ಮದಾಗಿಸಿಕೊಂಡರು. ಫ್ಲಾರೆನ್ಸಿನ ಕೆಫೆ ಮಿಕೆಲಾಂಜೊಲೊ ಇವರ ಹರಟೆಕಟ್ಟೆ. ಗೆರೆಯಿಂದ ಆಕಾರ ಕಟ್ಟುವ ಅಕಾಡೆಮಿಯ ಪದ್ಧತಿಯನ್ನು ಬಿಟ್ಟು, ಬೆಳಕು-ನೆರಳಿನ ಬಣ್ಣದ ತುಣುಕುಗಳನ್ನು ಒಂದರ ಪಕ್ಕ ಒಂದಿಟ್ಟು ಇವರು ಚಿತ್ರ ಕಟ್ಟಿದರು. ಪ್ಯಾರಿಸ್‌ನಲ್ಲಿ ಇಂಪ್ರೆಷನಿಸ್ಟರ ಮೊದಲ ಪ್ರದರ್ಶನ ನಡೆದದ್ದು 1874ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ ಈ ಚಪ್ಪರ ಸಿದ್ಧವಾಗಿತ್ತು. ಆದರೆ ಲೆಗಾ ಆಕಾರವನ್ನು ಬೆಳಕಿನಲ್ಲಿ ಕರಗಿಸಲಿಲ್ಲ. ಹದಿನೈದನೇ ಶತಮಾನದ ಟಸ್ಕನಿ ಚಿತ್ರಕಾರರ ಅಳತೆಗಾರಿಕೆ ಅವನ ಕೈಯಲ್ಲಿ ಉಳಿದಿತ್ತು.

ಬದುಕು

ಮೊದಿಲ್ಯಾನಾ ಎಂಬ ಊರಿನಲ್ಲಿ ಹುಟ್ಟಿದ ಲೆಗಾ ಕಲಿತದ್ದು ಫ್ಲಾರೆನ್ಸಿನಲ್ಲಿ. 1848ರಲ್ಲಿ ಸ್ವಯಂಸೇವಕನಾಗಿ ಆಸ್ಟ್ರಿಯಾದ ವಿರುದ್ಧ ಹೋರಾಡಿದ. ದೇಶಭಕ್ತ ಮಜ್ಜಿನಿಯ ಅನುಯಾಯಿಯಾಗಿದ್ದ ಈತ 1873ರಲ್ಲಿ ಬಿಡಿಸಿದ ‘ಮಜ್ಜಿನಿಯ ಕೊನೆಯ ಗಳಿಗೆಗಳು’ ಈಗ ಅಮೆರಿಕದ ಪ್ರಾವಿಡೆನ್ಸ್‌ನಲ್ಲಿದೆ.

1860ರ ದಶಕದಲ್ಲಿ ಫ್ಲಾರೆನ್ಸಿನ ಹೊರವಲಯದ ಪಿಯಾಜೆಂಟಿನಾದಲ್ಲಿ ಬಟೆಲ್ಲಿ ಕುಟುಂಬದ ಜೊತೆ ಲೆಗಾ ನೆಲೆಸಿದ್ದ. ಆ ಮನೆಯ ಮಗಳು ವರ್ಜೀನಿಯಾಳಲ್ಲಿ ಅವನಿಗೆ ಒಲವಿತ್ತು. ಸುತ್ತಲಿನ ತೋಟಗಳು, ಹೆಂಗಸರ ದಿನಚರಿ, ಹಾಡು, ಭೇಟಿ ಇವೇ ಅವನ ವಸ್ತು. ‘ಜಾನಪದ ಹಾಡು’ (1867), ‘ಭೇಟಿ’ (1868) ಇದೇ ಕಾಲದ ಫಸಲು.

1870ರಲ್ಲಿ ಕ್ಷಯರೋಗದಿಂದ ವರ್ಜೀನಿಯಾ ತೀರಿಕೊಂಡಳು. ಮನೆ ಬಿಟ್ಟು ಹೊರಟ ಲೆಗಾನ ಕಣ್ಣೂ ಮಂಜಾಗತೊಡಗಿ, ಕೆಲ ವರ್ಷ ಕುಂಚ ಹಿಡಿಯುವುದೇ ಅಪರೂಪವಾಯಿತು. ಗೆಳೆಯ ಬೊರ್ರಾನಿಯ ಜೊತೆ ತೆರೆದ ಚಿತ್ರ ಮಾರಾಟದ ಗ್ಯಾಲರಿಯೂ ನಷ್ಟಕ್ಕೆ ಸಿಕ್ಕಿ ಮುಚ್ಚಿತು. ಕೊನೆಗಾಲದಲ್ಲಿ ಗಾಬ್ರೊ ಎಂಬ ಹಳ್ಳಿಯ ರೈತ ಹೆಂಗಸರನ್ನು ಒರಟು, ದಟ್ಟ ಬಣ್ಣಗಳಲ್ಲಿ ಬಿಡಿಸಿದ. 1895ರಲ್ಲಿ ಫ್ಲಾರೆನ್ಸಿನ ಆಸ್ಪತ್ರೆಯೊಂದರಲ್ಲಿ ಬಡತನದಲ್ಲೇ ತೀರಿಕೊಂಡ.

ಆ ತೋಟ ಈಗ

1865ರಿಂದ 1871ರವರೆಗೆ ಫ್ಲಾರೆನ್ಸ್ ಇಟಲಿಯ ರಾಜಧಾನಿಯಾಗಿತ್ತು. ಲೆಗಾ ಈ ಚಪ್ಪರ ಬಿಡಿಸುತ್ತಿದ್ದ ಹೊತ್ತಿಗೇ ಕೋಟೆಗೋಡೆ ಕೆಡವಿ ನಗರವನ್ನು ಹಿಗ್ಗಿಸುವ ಕೆಲಸ ಶುರುವಾಗಿತ್ತು. ಅವನು ಕಂಡ ಪಿಯಾಜೆಂಟಿನಾದ ಹೊಲ, ತೋಟಗಳ ಜಾಗದಲ್ಲಿ ಇಂದು ಇರುವುದು ನಗರದ ಬೀದಿಗಳು, ಮನೆಗಳು.