ಹಿಟ್ಟಿನ ಕೋಳಿಯೂ ಪರದೆಯ ಆಟವೂ

ಹಂಪೆಯ ಮಂಟಪಗಳ ಕಲ್ಲುಹಾಸಿನಲ್ಲಿ ಕೊರೆದ ಆಟದ ಮನೆಗಳನ್ನು ಇಂದಿಗೂ ಕಾಣಬಹುದು. ಆಡುಹುಲಿ ಆಟದಲ್ಲಿ ಹುಲಿಯು ಆಡನ್ನು ‘ಕೊಲ್ಲು’ತ್ತದೆ, ವಾಸ್ತವವಾಗಿ ಹರಳೊಂದು ಮನೆಯಿಂದ ಹೊರಬೀಳುತ್ತದೆ, ಅಷ್ಟೆ. ಹಾಗಾದರೆ ಆಟದ ಕೊಲೆಗೆ ಪಾಪದ ಲೇಪವಿಲ್ಲವೇ? ಮಕ್ಕಳು ಆನ್‌ಲೈನ್ ಆಟಗಳಲ್ಲಿ ತನ್ಮಯರಾಗಿರುವ ಇಂದು ಈ ಪ್ರಶ್ನೆ ಹೊಸಪೇಟೆ, ಕಂಪ್ಲಿ, ಸಂಡೂರುಗಳ ಮನೆಗಳನ್ನೂ ಮುಟ್ಟಿದೆ.

ಇದಕ್ಕೆ ನಮ್ಮ ಸಾಹಿತ್ಯದ ಉತ್ತರ ಪ್ರಾಚೀನವಾದುದು. ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯಲ್ಲಿ ಅರಸನು ಜೀವವಧೆಗೆ ಹೇಸಿಯೂ ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಗೊಡುತ್ತಾನೆ. ಕತ್ತಿ ಬಿದ್ದುದು ಹಿಟ್ಟಿನ ಮೇಲೆ. ಸಂಕಲ್ಪ ಮಾತ್ರ ಕೊಲ್ಲುವುದೇ ಆಗಿತ್ತು. ಅಷ್ಟಕ್ಕೇ ತಾಯಿ-ಮಗ ನವಿಲು, ನಾಯಿ ಮೊದಲಾದ ಜನ್ಮಗಳಲ್ಲಿ ತೊಳಲುತ್ತಾರೆ.

ಆಧುನಿಕ ಆಟಗಳ ನಿರ್ಮಾಪಕರೂ ಕರ್ಮಫಲದ ಲೆಕ್ಕವನ್ನು ಪ್ರಯತ್ನಿಸಿದ್ದುಂಟು. 1985ರ ಅಮೆರಿಕದ ‘ಅಲ್ಟಿಮಾ 4’ರಲ್ಲಿ ಕುರುಡು ವ್ಯಾಪಾರಿಗೆ ಹಣ ಕಡಿಮೆ ಕೊಟ್ಟವನ ಪ್ರಾಮಾಣಿಕತೆಯ ಅಂಕ ಕುಗ್ಗುತ್ತಿತ್ತು. 1997ರಲ್ಲಿ ಆರಂಭವಾದ ‘ಅಲ್ಟಿಮಾ ಆನ್‌ಲೈನ್’ನಲ್ಲಿ ಸಹ ಆಟಗಾರರನ್ನು ಪದೇ ಪದೇ ಕೊಂದವನ ಹೆಸರು ಕೆಂಪಾಗಿ ಕಾಣುವ ಏರ್ಪಾಡು ಬಂದಿತು. ಆದರೆ ಇದು ಹೊರಗಿನ ದಂಡನೆ. ದಂಡಕ್ಕೆ ಅಂಜಿ ಸುಮ್ಮನಿರುವುದು ಅಹಿಂಸೆಯಲ್ಲ.

ದ್ರವ್ಯಹಿಂಸೆ, ಭಾವಹಿಂಸೆ ಎಂಬ ಶಾಸ್ತ್ರದ ಭೇದ ಇಲ್ಲಿ ದಾರಿದೀಪ. ದ್ವೇಷವಿಲ್ಲದೆ ಹರಳನ್ನೆತ್ತುವುದು ಬರಿಯ ಜಾಣ್ಮೆ. ಪರದೆಯಾಚೆಯ ಆಟಗಾರನನ್ನು ವಂಚಿಸಿ, ನೋಯಿಸಿ ಹಿಗ್ಗುವುದು ಹಾಗಲ್ಲ. ಅಲ್ಲಿ ಸತ್ತುದು ಚಿತ್ರವಾದರೂ ನೊಂದ ಜೀವ ನಿಜ, ಹಿಗ್ಗಿದವನ ಕಷಾಯವೂ ನಿಜ. ಆದುದರಿಂದ ‘ಗೆದ್ದೆಯಾ?’ ಎಂದು ಮಕ್ಕಳನ್ನು ಕೇಳುವ ಹಿರಿಯರು ‘ಆಡುವಾಗ ಮನಸ್ಸು ಹೇಗಿತ್ತು?’ ಎಂದೂ ಕೇಳುವುದು ಉಚಿತ.