ನಮ್ಮೂರ ಕಲ್ಲಿನ ಬಗ್ಗೆ ಬರೆಯುವ ಮೊದಲು

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ.

ತುಮಕೂರು ಜಿಲ್ಲೆಯ ನಮ್ಮೂರಿನಲ್ಲಿ ಕೆರೆ ಏರಿಯ ಪಕ್ಕ ಎದೆಮಟ್ಟದ ಒಂದು ಕಲ್ಲಿದೆ. ಅದರ ಮೇಲೆ ಕತ್ತಿ ಹಿಡಿದ ಒಬ್ಬ ಮನುಷ್ಯ, ಕೆಳಗೆ ದನಗಳು, ನಡುವೆ ಸವೆದ ಅಕ್ಷರ. ಪತ್ರಿಕೋದ್ಯಮ ಓದುವಾಗ ಊರಿನ ಬಗ್ಗೆ ಏನಾದರೂ ಬರೆಯೋಣ ಎಂದು ಹೊರಟೆ. ಟೀ ಅಂಗಡಿಯಲ್ಲಿ ಕೂತಿದ್ದ ಹಿರಿಯರೊಬ್ಬರು, "ಅದು ಪಾಳೇಗಾರನ ಕಾವಲುಗಾರ ಕಣಪ್ಪ, ನಿಧಿ ಕಾಯ್ತಾ ನಿಂತವ್ನೆ" ಅಂದರು. ಅರ್ಧ ಗಂಟೆ ಕೇಳಿಕೊಂಡೆ, ರಾತ್ರಿಯೇ ಬರೆದೆ, ಫೋಟೊ ಹಾಕಿ ಕಳಿಸಿದೆ. ಊರಿನ ವಾಟ್ಸಾಪ್ ಗುಂಪುಗಳಲ್ಲೆಲ್ಲ ಓಡಾಡಿತು. ನನಗೂ ಖುಷಿಯಾಯಿತು.

ಹದಿನೈದು ದಿನ ಕಳೆದಿರಬಹುದು. ಬೆಳಗ್ಗೆ ಎಮ್ಮೆ ಹೊಡೆದುಕೊಂಡು ಹೋದವರು ಬಂದು ಹೇಳಿದರು: ಕಲ್ಲಿನ ಬುಡದಲ್ಲಿ ಯಾರೋ ರಾತ್ರಿ ಗುಂಡಿ ತೋಡಿದ್ದಾರೆ. ಹೋಗಿ ನೋಡಿದರೆ ಕಲ್ಲು ಒಂದು ಕಡೆ ವಾಲಿತ್ತು. ಮೂಲೆಯೊಂದು ಚಕ್ಕೆ ಎದ್ದಿತ್ತು. ಗುಂಡಿಯಲ್ಲಿ ಮಣ್ಣು ಬಿಟ್ಟರೆ ಏನೂ ಇರಲಿಲ್ಲ. ಹಾರೆ ಹಿಡಿದವರು ಯಾರೋ ಗೊತ್ತಿಲ್ಲ. ಹಾರೆ ಕೊಟ್ಟವನು ನಾನೇ ಅನ್ನಿಸಿತು.

ಬರೆಯುವ ಮೊದಲು ಹುಡುಕಬೇಕು ಎಂಬ ಮಾತನ್ನು ತರಗತಿಯಲ್ಲಿ ಎಷ್ಟೋ ಸಲ ಕೇಳಿದ್ದೆ. ಅದರ ಅರ್ಥ ತಿಳಿದದ್ದು ಆ ಗುಂಡಿಯ ಪಕ್ಕ ನಿಂತಾಗ. ಆಮೇಲೆ ನಮ್ಮ ಹೈಸ್ಕೂಲಿನ ಕನ್ನಡ ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ: "ರೈಸ್ ಸಾಹೇಬರ ಪುಸ್ತಕ ನೋಡಿದ್ದೀಯೇನೋ?"

ಕಲ್ಲು ಓದಿದ ಶಾಲಾ ಇನ್‌ಸ್ಪೆಕ್ಟರ್

ಬೆಂಜಮಿನ್ ಲೂಯಿಸ್ ರೈಸ್ ಹುಟ್ಟಿದ್ದು 1837ರಲ್ಲಿ, ಬೆಂಗಳೂರಿನಲ್ಲಿಯೇ. ತಂದೆ ಪಾದ್ರಿ, ಕನ್ನಡ ಬಲ್ಲವರು. ಮಗ ಇಂಗ್ಲೆಂಡಿನಲ್ಲಿ ಓದಿ ಬಂದು ಬೆಂಗಳೂರಿನ ಶಾಲೆಯೊಂದರ ಮುಖ್ಯಸ್ಥರಾದರು. ಆಮೇಲೆ ಮೈಸೂರು ಸೀಮೆಯ ಶಾಲೆಗಳನ್ನು ತಪಾಸಣೆ ಮಾಡುವ ಕೆಲಸ. ಕುದುರೆ ಮೇಲೆ ಊರೂರು ತಿರುಗಬೇಕು. ಹೋದ ಕಡೆಯಲ್ಲೆಲ್ಲ ದೇವಸ್ಥಾನದ ಮುಂದೆ, ಕೆರೆ ಏರಿಯಲ್ಲಿ, ಹೊಲದ ಬದುವಿನಲ್ಲಿ ಅಕ್ಷರದ ಕಲ್ಲು ಕಣ್ಣಿಗೆ ಬೀಳುತ್ತಿದ್ದವು. ದಿನಾ ಅವುಗಳ ಪಕ್ಕದಲ್ಲೇ ಓಡಾಡುವ ಜನರಿಗೆ ಅದರಲ್ಲಿ ಏನಿದೆ ಎಂದು ಗೊತ್ತಿರಲಿಲ್ಲ.

1879ರಲ್ಲಿ ಅವರು ಮೈಸೂರು ಶಾಸನಗಳ ಒಂದು ಪುಸ್ತಕ ತಂದರು. ಮುಂದೆ ಮೈಸೂರು ಸರ್ಕಾರದ ಪುರಾತತ್ವ ಇಲಾಖೆಯ ಹೊಣೆ ಅವರಿಗೇ ಬಂತು. 1886ರಲ್ಲಿ ಕೊಡಗಿನ ಶಾಸನಗಳಿಂದ 'ಎಪಿಗ್ರಾಫಿಯಾ ಕರ್ನಾಟಿಕಾ' ಶುರುವಾಯಿತು. ಇಪ್ಪತ್ತು ವರ್ಷದೊಳಗೆ ಹನ್ನೆರಡು ಸಂಪುಟ, ಸುಮಾರು 9,000 ಶಾಸನ. ಅವರು ನಿವೃತ್ತರಾದದ್ದು 1906ರಲ್ಲಿ.

ಇಷ್ಟು ಕಲ್ಲನ್ನು ಒಬ್ಬರೇ ಓದಲು ಸಾಧ್ಯವಿಲ್ಲ. ಪಂಡಿತರು, ಬರಹಗಾರರು, ಪಡಿಯಚ್ಚು ತೆಗೆಯುವವರು ಜೊತೆಗಿದ್ದರು. ಪಡಿಯಚ್ಚು ಎಂದರೆ ಹೀಗೆ: ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಬಡಿಯುತ್ತಾರೆ. ಕಾಗದ ಅಕ್ಷರದ ಗೀರಿನೊಳಗೆ ಕೂರುತ್ತದೆ. ಮೇಲೆ ಮಸಿ ಒತ್ತಿದರೆ ಕಲ್ಲಿನ ಮೈ ಕಪ್ಪಾಗಿ, ಅಕ್ಷರ ಬೆಳ್ಳಗೆ ಕಾಣುತ್ತದೆ. ಕಲ್ಲು ಅಲ್ಲೇ ಇರುತ್ತದೆ, ಅದರ ಮಾತು ಕಾಗದದ ಮೇಲೆ ಬರುತ್ತದೆ.

ಹಳ್ಳಿಯವರಿಗೆ ಇದರಲ್ಲಿ ಒಂದು ದೊಡ್ಡ ಅನುಕೂಲವಿದೆ. ರೈಸ್ ಸಂಪುಟಗಳನ್ನು ಜೋಡಿಸಿದ್ದು ರಾಜರ ಹೆಸರಿನಲ್ಲಿ ಅಲ್ಲ, ಜಿಲ್ಲೆ ಮತ್ತು ತಾಲ್ಲೂಕಿನ ಪ್ರಕಾರ. ಹಾಸನ 5ನೇ ಸಂಪುಟ, ಶಿವಮೊಗ್ಗ 7 ಮತ್ತು 8, ಬೆಂಗಳೂರು 9, ಕೋಲಾರ 10, ಚಿತ್ರದುರ್ಗ 11, ತುಮಕೂರು 12. ತಾಲ್ಲೂಕು ಹುಡುಕಿ, ಊರು ಹುಡುಕಿದರೆ ಸಾಕು. ಒಂದು ಎಚ್ಚರ ಮಾತ್ರ ಬೇಕು. ಆಗಿನ ಜಿಲ್ಲೆಗಳು ಈಗಿನಂತೆ ಇರಲಿಲ್ಲ. ಮಂಡ್ಯ ಬೇರೆ ಜಿಲ್ಲೆಯಾದದ್ದು 1939ರಲ್ಲಿ, ಆದ್ದರಿಂದ ಅಲ್ಲಿಯವರು ಮೈಸೂರಿನ ಸಂಪುಟ ನೋಡಬೇಕು. ದಾವಣಗೆರೆಯವರು ಚಿತ್ರದುರ್ಗದ್ದನ್ನು ನೋಡಬೇಕು. ಧಾರವಾಡ, ಬಿಜಾಪುರ ಕಡೆಯವರಿಗೆ ಇದು ಸಿಗದು. ಆ ಸೀಮೆ ಆಗ ಬೇರೆ ಆಡಳಿತದಲ್ಲಿತ್ತು. ಅಲ್ಲಿನ ಶಾಸನಗಳಿಗೆ ಫ್ಲೀಟ್ ಅವರ ಬರಹಗಳನ್ನು, 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್' ಸಂಪುಟಗಳನ್ನು ನೋಡಬೇಕು.

ಬೆಂದಕಾಳೂರಿನ ಕಥೆ

ಹುಡುಕದೆ ಬರೆದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ರಾಜಧಾನಿಯ ಹೆಸರೇ ಒಳ್ಳೆಯ ಉದಾಹರಣೆ.

ವೀರಬಲ್ಲಾಳ ಬೇಟೆಗೆ ಹೋಗಿ ದಾರಿ ತಪ್ಪಿದ, ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದಕ್ಕೇ ಬೆಂದಕಾಳೂರು, ಅದೇ ಬೆಂಗಳೂರು. ಈ ಕಥೆ ನಾವೆಲ್ಲ ಕೇಳಿದ್ದೇವೆ. ರೈಸ್ ಅವರ ಗೆಜೆಟಿಯರ್‌ನಲ್ಲೂ ಬಂದಿದೆ.

ರೈಸ್ ಆದಮೇಲೆ ಇಲಾಖೆಗೆ ಬಂದವರು ಆರ್. ನರಸಿಂಹಾಚಾರ್. 1915ರ ಸುಮಾರಿಗೆ ಬೆಂಗಳೂರಿನ ದಕ್ಷಿಣಕ್ಕಿರುವ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಒಂದು ಶಾಸನ ಬೆಳಕಿಗೆ ಬಂತು. ಗಂಗರ ಕಾಲದ್ದು, ಕ್ರಿ.ಶ. 890ರ ಸುಮಾರಿನದು. ಅದರಲ್ಲಿ 'ಬೆಂಗಳೂರು' ಎಂಬ ಹೆಸರಿದೆ. ಅಲ್ಲಿ ನಡೆದ ಕಾಳಗದಲ್ಲಿ ಸತ್ತವರ ನೆನಪಿದೆ. ಅವರು ಗಂಗರ ಕೈಕೆಳಗೆ ಆ ನಾಡನ್ನು ನೋಡಿಕೊಳ್ಳುತ್ತಿದ್ದ ನಾಗತ್ತರನ ಕಡೆಯವರು.

ಈಗ ಲೆಕ್ಕ ಹಾಕಿ. ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಕೆಂಪೇಗೌಡರು ಕೋಟೆ ಪೇಟೆ ಕಟ್ಟಿದ್ದು 1537ರಲ್ಲಿ ಎನ್ನುತ್ತಾರೆ. ಬಲ್ಲಾಳ ಬರುವ 280 ವರ್ಷ ಮೊದಲೇ ಬೆಂಗಳೂರು ಎಂಬ ಊರಿತ್ತು, ಅಲ್ಲಿ ಕಾಳಗ ನಡೆದಿತ್ತು. ಹಾಗಾದರೆ ಅಜ್ಜಿ ಕಾಳು ಬೇಯಿಸಿ ಕೊಟ್ಟಿದ್ದರೂ ಊರಿಗೆ ಹೆಸರು ಬಂದದ್ದು ಅದರಿಂದ ಅಲ್ಲ.

ಇಲ್ಲಿ ಇನ್ನೊಂದು ವಿಷಯ ಗಮನಿಸಿ. ಬೇಗೂರಿನ ಕಲ್ಲು ಹೆಸರು ಎಷ್ಟು ಹಳೆಯದು ಎಂದು ಹೇಳುತ್ತದೆ. ಹೆಸರಿನ ಅರ್ಥ ಹೇಳುವುದಿಲ್ಲ. ಕಲ್ಲು ಹೇಳಿದಷ್ಟನ್ನೇ ಹೇಳಿ ನಿಲ್ಲಿಸಬೇಕು. ಬರೆಯುವವರು ಜಾರುವುದು ಇಲ್ಲಿಯೇ.

ಅಜ್ಜಿಯ ಕಥೆಯನ್ನು ಎಸೆಯಬೇಕಾಗಿಲ್ಲ. "ಊರಿನವರು ಹೀಗೆ ಹೇಳುತ್ತಾರೆ" ಎಂದು ಬರೆಯಿರಿ. "ಹೀಗೆ ನಡೆಯಿತು" ಎಂದು ಬರೆಯಬೇಡಿ. ಎರಡಕ್ಕೂ ಇರುವ ದೂರ ಬಲ್ಲಾಳನಿಗೂ ಬೇಗೂರಿನ ಕಲ್ಲಿಗೂ ಇರುವಷ್ಟೇ ದೂರ.

ಮೂರು ಸಾಲು

ಮೇಷ್ಟ್ರ ಮಾತು ಕೇಳಿ ನಾನು ಜಿಲ್ಲಾ ಕೇಂದ್ರದ ಗ್ರಂಥಾಲಯಕ್ಕೆ ಹೋದೆ. 12ನೇ ಸಂಪುಟದಲ್ಲಿ ನಮ್ಮ ತಾಲ್ಲೂಕಿನ ಕೆಳಗೆ ನಮ್ಮೂರಿನ ಹೆಸರಿತ್ತು. "ಕೆರೆ ಏರಿಯ ಬಳಿ" ಎಂದು ಜಾಗವನ್ನೂ ಬರೆದಿದ್ದರು. ನೂರು ವರ್ಷಕ್ಕೂ ಹಿಂದೆ ನಮ್ಮೂರಿಗೆ ಯಾರೋ ಬಂದು, ಆ ಕಲ್ಲಿನ ಮುಂದೆ ಕೂತು, ಬರೆದುಕೊಂಡು ಹೋಗಿದ್ದರು.

ಇದ್ದದ್ದು ಮೂರೇ ಸಾಲು. ಶಕವರ್ಷ ಇಲ್ಲ, ರಾಜನ ಹೆಸರಿಲ್ಲ. ಊರಿನ ತುರುಗಳನ್ನು ಹೊಡೆದುಕೊಂಡು ಹೋದವರ ಹಿಂದೆ ಹೋಗಿ, ದನ ಬಿಡಿಸಿ, ಒಬ್ಬ ಸತ್ತ. ಅವನ ತಮ್ಮ ಕಲ್ಲು ನಿಲ್ಲಿಸಿದ. ಸತ್ತವನ ಹೆಸರಿನ ಜಾಗದಲ್ಲಿ ಚುಕ್ಕಿಗಳಿದ್ದವು. ಅಂದರೆ ರೈಸ್ ಅವರ ಕಾಲಕ್ಕೇ ಅದು ಸವೆದಿತ್ತು. ಪಾಳೇಗಾರ ಇರಲಿಲ್ಲ. ನಿಧಿ ಇರಲಿಲ್ಲ.

ಆಮೇಲೆ ಕಲ್ಲು ನೋಡಿದಾಗ ಎಲ್ಲ ಅರ್ಥವಾಯಿತು. ವೀರಗಲ್ಲಿಗೆ ಸಾಮಾನ್ಯವಾಗಿ ಮೂರು ಪಟ್ಟಿ ಇರುತ್ತದೆ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ವೀರ. ಅಕ್ಷರ ಪಟ್ಟಿಗಳ ನಡುವಿನ ಅಂಚಿನಲ್ಲಿ ಇರುತ್ತದೆ. ನಾನು ಕಾವಲುಗಾರ ಎಂದು ಬರೆದವನು ನಮ್ಮೂರಿನ ದನಗಳಿಗಾಗಿ ಪ್ರಾಣ ಕೊಟ್ಟವನು.

ಮೂರನೆಯ ಸಾಲಿನ ಕೊನೆಯ ಭಾಗ ಈಗ ಕಲ್ಲಿನಲ್ಲಿ ಇಲ್ಲ. ಚಕ್ಕೆ ಎದ್ದದ್ದು ಅಲ್ಲಿಯೇ. 'ತಮ್ಮ' ಎಂಬ ಮಾತು ಇನ್ನು ಪುಸ್ತಕದಲ್ಲಿ ಮಾತ್ರ ಉಳಿದಿದೆ.

ನೀವು ಹುಡುಕುವುದಾದರೆ

ಸಂಜೆ ಇಳಿಬಿಸಿಲಿನಲ್ಲಿ ಹೋಗಿ. ಬೆಳಕು ಪಕ್ಕದಿಂದ ಬಿದ್ದಾಗ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ರಾತ್ರಿಯಾದರೆ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಬಣ್ಣ, ಸುಣ್ಣ, ಎಣ್ಣೆ ಹಚ್ಚಬೇಡಿ. ಕಬ್ಬಿಣದಿಂದ ಕೆರೆಯಬೇಡಿ. ಫೋಟೊ ತೆಗೆಯುವಾಗ ಪಕ್ಕದಲ್ಲಿ ಅಳತೆಗೆ ಒಂದು ಸ್ಕೇಲ್ ಇಡಿ.

ಪುಸ್ತಕದಲ್ಲಿ ನಿಮ್ಮೂರಿನ ಹೆಸರಿದೆಯೇ ನೋಡಿ. ಹಳೆಯ ಸಂಪುಟದಲ್ಲಿ ಶಾಸನ ಕನ್ನಡ ಲಿಪಿಯಲ್ಲೂ ಇದೆ, ಇಂಗ್ಲಿಷ್ ಅನುವಾದವೂ ಇದೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಪರಿಷ್ಕೃತ ಸಂಪುಟಗಳನ್ನು ತಂದಿದೆ.

ಶಕವರ್ಷ ಇದ್ದರೆ 78 ಕೂಡಿಸಿ. ಶಕ 1100 ಎಂದರೆ ಕ್ರಿ.ಶ. 1178ರ ಹತ್ತಿರ. ಸಂವತ್ಸರದ ಹೆಸರು ಮಾತ್ರ ಇದ್ದರೆ ಅವಸರ ಬೇಡ, ಅದು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಎರಡೂ ಇಲ್ಲದಿದ್ದರೆ ಲಿಪಿ ಬಲ್ಲವರನ್ನೇ ಕೇಳಬೇಕು. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನದಲ್ಲೂ ವರ್ಷ ಇಲ್ಲ. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದರು. ಸುಮಾರು 450ರದು ಎಂದು ಹೇಳುವುದು ಅಕ್ಷರದ ರೂಪ, ಭಾಷೆ ನೋಡಿಯೇ. ಅದೂ ಊರವರ ಕಣ್ಣೆದುರಿಗೇ ನಿಂತಿದ್ದ ಕಲ್ಲು.

ನಿಧಿಯ ಮಾತು ಬಂದರೆ ಕಾನೂನನ್ನೂ ಹೇಳಿ. ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು.

ನಮ್ಮೂರಿನ ಹುಡುಗರು ಸೇರಿ ಗುಂಡಿ ಮುಚ್ಚಿ, ಕಲ್ಲನ್ನು ನೆಟ್ಟಗೆ ನಿಲ್ಲಿಸಿದ್ದೇವೆ. ನಾನು ಮೊದಲ ಬರಹ ತೆಗೆದು, ಆ ಮೂರು ಸಾಲನ್ನು ಬರೆದು ಹಾಕಿದೆ. ಅದು ಮೊದಲಿನದರಷ್ಟು ಓಡಾಡಲಿಲ್ಲ. ಟೀ ಅಂಗಡಿಯ ಹಿರಿಯರಿಗೆ ಮಾತ್ರ ನಾನೇ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ದನಕ್ಕೋಸ್ಕರ ಸತ್ತನಾ? ಹಂಗಾದ್ರೆ ಅವ್ನು ನಮ್ಮೋನೇ ಬಿಡು" ಅಂದರು.